ಕ್ಯಾರವಾನ್‌ನಲ್ಲಿ ದ್ರಾಕ್ಷಿ ತೋಟಕ್ಕೆ: ಘಾಟಿ ಇಳಿಯುವುದನ್ನು ಮೊದಲು ಕಲಿಯಿರಿ

ಮಂಗಳೂರಿನಿಂದ ಕ್ಯಾರವಾನ್, ಅಂದರೆ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ವ್ಯಾನ್ ಹೊರಡಿಸಿ ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಬೇಲೂರು, ಚನ್ನರಾಯಪಟ್ಟಣ ಅಂತ ಸಣ್ಣ ಊರುಗಳನ್ನು ನಿಧಾನವಾಗಿ ನೋಡಿಕೊಂಡು ದೊಡ್ಡಬಳ್ಳಾಪುರದ ಕಡೆಯ ವೈನ್ ದ್ರಾಕ್ಷಿ ತೋಟಗಳವರೆಗೆ ಹೋಗಿ ಬರಬೇಕು ಎನ್ನುವವರು ಈಗ ಜಾಸ್ತಿ. ಖಂಡಿತ ಹೋಗಿ. ಆದರೆ ಕಾರು ಓಡಿಸಿದ ಹಾಗೆ ಇದನ್ನು ಓಡಿಸಬೇಡಿ. ಘಾಟಿಯ ಬುಡದ ಗುಂಡ್ಯದ ಹತ್ತಿರ ಚಕ್ರದಿಂದ ಹೊಗೆ ಬಿಡುತ್ತಾ ನಿಂತ ವ್ಯಾನ್‌ಗಳನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾಡಿ. ಡ್ರೈವರ್ ಸಮೇತ ಬಾಡಿಗೆಗೆ ಬರುವುದಕ್ಕೆ ಹಳದಿ ಬೋರ್ಡ್ ಇರಬೇಕು, ನೀವೇ ಓಡಿಸುವುದಕ್ಕೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ. ಬಿಳಿ ಬೋರ್ಡಿನದ್ದು ಕಡಿಮೆಗೆ ಸಿಕ್ಕಿತು ಅಂತ ತೆಗೆದುಕೊಳ್ಳಬೇಡಿ, ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಕಾರಿನ ಲೈಸೆನ್ಸ್ ಸಾಕು, 2024ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಫೆಬ್ರುವರಿಯಲ್ಲಿ ಹೋಗಿ. ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಮಳೆಗಾಲದಲ್ಲಿ ಸಕಲೇಶಪುರ ಬಳಿಯ ದೋಣಿಗಲ್ ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ನಿಮಗೆ ಗೊತ್ತೇ ಇದೆ.

ಸಾಮಾನು ತುಂಬುವಾಗ ತೂಕದ್ದೆಲ್ಲ ಕೆಳಗೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಜಾಗಕ್ಕೆ. ನೀರಿನ ಟ್ಯಾಂಕ್ ಊರಲ್ಲೇ ಪೂರ್ತಿ ತುಂಬಿಸುವುದು ಎಲ್ಲರೂ ಮಾಡುವ ತಪ್ಪು. 100 ಲೀಟರ್ ನೀರು ಅಂದರೆ 100 ಕಿಲೋ, ಅದನ್ನು ಸುಮ್ನೆ ಘಟ್ಟ ಹತ್ತಿಸುವುದು ಯಾಕೆ? ಕಾಲು ಭಾಗ ತುಂಬಿಸಿ, ಉಳಿದದ್ದನ್ನು ಸಕಲೇಶಪುರದಲ್ಲಿ. ಅಡುಗೆಗೆ ಕುಚ್ಚಲಕ್ಕಿ ಬೇಡ, ಅದು ಬೇಯುವಷ್ಟರಲ್ಲಿ ಸಣ್ಣ ಸಿಲಿಂಡರ್ ಅರ್ಧ ಖಾಲಿ. ಕೋರಿ ರೊಟ್ಟಿಯ ಪ್ಯಾಕೆಟ್ ಇಟ್ಟುಕೊಳ್ಳಿ, ಸಾರು ಮಾಡಿದರೆ ಊಟ ಮುಗಿಯಿತು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ 12 ವೋಲ್ಟಿನ ಕೆಟಲ್ ಅಂತ ಒಂದು ಮಾರುತ್ತಾರೆ, ದುಡ್ಡು ದಂಡ. ಅದರಲ್ಲಿ ಎರಡು ಲೋಟ ಚಹಾದ ನೀರು ಕುದಿಯುವಷ್ಟರಲ್ಲಿ ಚಹಾದ ಆಸೆಯೇ ಹೋಗಿರುತ್ತದೆ.

ದಾರಿ ಶಿರಾಡಿಯದ್ದೇ. ಚಾರ್ಮಾಡಿಯ ತಿರುವುಗಳು ಉದ್ದದ ಗಾಡಿಗೆ ಕಷ್ಟ. ಉಡುಪಿಯವರಿಗೂ ಇದೇ ಮಾತು. ಆಗುಂಬೆಯ 14 ತಿರುವು ಕಾರಿಗೆ ಚೆಂದ, ಕ್ಯಾರವಾನ್‌ಗೆ ಅಲ್ಲ. ಸ್ವಲ್ಪ ಸುತ್ತಾದರೂ ಬಿ.ಸಿ.ರೋಡಿಗೆ ಬಂದು ಹೋಗಿ.

ಹತ್ತುವುದು ಸುಲಭ, ಎಂಜಿನ್ ತಾನೇ ಹೇಳುತ್ತದೆ. ಇಳಿಯುವುದು ಕೊನೆಯ ದಿನದ ಕೆಲಸ, ಆದರೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೆಡಿಸುವುದು ಇಲ್ಲಿಯೇ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಮಧ್ಯದಲ್ಲಿ ಅಲ್ಲ. ಹತ್ತುವಾಗ ಯಾವ ಗೇರ್ ಬೇಕಾಗಿತ್ತೋ ಇಳಿಯುವಾಗಲೂ ಅದೇ, ಅಂದರೆ ಹೆಚ್ಚಿನ ಕಡೆ ಎರಡು ಅಥವಾ ಮೂರು. ಆಟೋಮ್ಯಾಟಿಕ್ ಆದರೆ ಕೆಳಗಿನ ಗೇರಿನಲ್ಲಿ ನಿಲ್ಲಿಸಿಡಿ. ಎಂಜಿನ್ ಜೋರಾಗಿ ಕೂಗಿತು ಅಂತ ಹೆದರಬೇಡಿ, ಗಾಡಿಯನ್ನು ಹಿಡಿದಿಟ್ಟಿರುವುದು ಅದೇ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಬ್ರೇಕ್ ಒತ್ತುವುದಕ್ಕೂ ರೀತಿಯಿದೆ. ಕಾಲನ್ನು ಪೆಡಲ್ ಮೇಲೆ ಹಗುರವಾಗಿ ಇಟ್ಟುಕೊಂಡೇ ಇಳಿದರೆ ಲೈನರ್ ಉಜ್ಜುತ್ತಲೇ ಇರುತ್ತದೆ, ಬಿಸಿ ಏರುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ತೇವ ಎಳೆದುಕೊಂಡಿದ್ದರೆ ಆ ಬಿಸಿಗೆ ಕುದಿದು ಒಳಗೆ ಆವಿ ಆಗುತ್ತದೆ, ಪೆಡಲ್ ಒತ್ತಿದರೆ ಸೀದಾ ಕೆಳಗೆ ಹೋಗುತ್ತದೆ. ಆಮೇಲೆ ಏನು ಮಾಡುತ್ತೀರಿ? ಹಾಗಾಗಿ ಗಟ್ಟಿಯಾಗಿ ಒತ್ತಿ, ವೇಗ ಇಳಿದ ಕೂಡಲೇ ಪೂರ್ತಿ ಬಿಡಿ, ಮತ್ತೆ ಬೇಕಾದಾಗ ಒತ್ತಿ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಬಾಡಿಗೆಗೆ ಕೊಡುವವರನ್ನು ಕೇಳಿ, ಎರಡು ವರ್ಷ ದಾಟಿದ್ದರೆ ಬದಲಿಸಿಯೇ ಕೊಡಲು ಹೇಳಿ.

ಸುಟ್ಟ ವಾಸನೆ ಬಂತೋ, ಅಗಲ ಇರುವ ಕಡೆ ನಿಲ್ಲಿಸಿ. ಬಿಸಿ ಚಕ್ರಕ್ಕೆ ನೀರು ಹೊಯ್ಯಬೇಡಿ, ಡಿಸ್ಕ್ ಬಾಗುತ್ತದೆ, ಬಿರುಕೂ ಬಿಡಬಹುದು. ಹ್ಯಾಂಡ್‌ಬ್ರೇಕ್ ಮಾತ್ರ ನಂಬಿಕೊಳ್ಳಬೇಡಿ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆಯಾದರೂ ಕಾಯಿರಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಹಾಕಿ! ರಾತ್ರಿ ಬರುವ ಬೈಕಿನವರ ಜೀವದ ಪ್ರಶ್ನೆ. ಹಿಂದೆ ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರ್ ಹಾರ್ನ್ ಹೊಡೆಯುತ್ತಿದ್ದರೆ ಗಾಬರಿಯಾಗಿ ವೇಗ ಏರಿಸಬೇಡಿ, ಜಾಗ ಸಿಕ್ಕಿದ ಕಡೆ ಬದಿಗೆ ಹೋಗಿ ಅವನನ್ನು ಬಿಡಿ. ಕಿರಿದಾದ ಕಡೆ ಹತ್ತಿ ಬರುವ ಗಾಡಿಗೇ ಮೊದಲು ದಾರಿ.

ರಾತ್ರಿ ತಂಗಲು ಹೋಮ್‌ಸ್ಟೇ ಅಂಗಳ ಕೇಳಿ ನೋಡಿ, ಸಣ್ಣ ಬಾಡಿಗೆಗೆ ಕೊಡುವವರಿದ್ದಾರೆ, ನೀರು ಕರೆಂಟೂ ಸಿಗುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಫಿ ತೋಟದ ಬದಿಯಲ್ಲಿ ಎಲ್ಲೆಂದರಲ್ಲಿ ನಿಲ್ಲಿಸಬೇಡಿ, ಆನೆ ಓಡಾಡುವ ಜಾಗ. ಪಾತ್ರೆ ತೊಳೆದ ನೀರನ್ನು ಕೆಂಪುಹೊಳೆಗೆ ಬಿಡುವುದಂತೂ ಬೇಡವೇ ಬೇಡ, ಕೆಳಗಿನವರು ಅದೇ ನೀರು ಬಳಸುತ್ತಾರೆ.

ಬೇಲೂರು, ಹಳೇಬೀಡು ದೇವಸ್ಥಾನಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ವಾರಾಂತ್ಯಕ್ಕೆ ಹೋಗುವುದನ್ನು ನಾನು ಬಿಟ್ಟಿದ್ದೇನೆ, ನೀವೂ ಮಂಗಳವಾರ ಬುಧವಾರ ನೋಡಿ. ಆಮೇಲೆ ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ತಿರುಗಿ. ಬೆಂಗಳೂರಿನ ಒಳಗೆ ಹೋಗುವ ಕೆಲಸವೇ ಇಲ್ಲ.

ತೋಟಕ್ಕೆ ಮೊದಲೇ ಫೋನ್ ಮಾಡಿ ಬುಕ್ ಮಾಡಿ, ಕ್ಯಾರವಾನ್ ನಿಲ್ಲಿಸಲು ಜಾಗ ಇದೆಯಾ ಅಂತಲೂ ಆಗಲೇ ಕೇಳಿಕೊಳ್ಳಿ. ಓಡಿಸುವವರು ವೈನ್ ರುಚಿ ನೋಡಲೇಬಾರದು, ಒಂದು ಗುಟುಕೂ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅವರಿಗೆ ಒಂದು ಬಾಟಲಿ ಕೊಂಡು ಇಟ್ಟುಕೊಳ್ಳಿ. ಅದನ್ನು ಮಂಚದ ಕೆಳಗೆ, ಬಟ್ಟೆಯಲ್ಲಿ ಸುತ್ತಿ ಮಲಗಿಸಿಡಿ. ಬಿಸಿಲಿಗೆ ಕಾದ ಗಾಡಿಯಲ್ಲಿ ಮೇಲಿನ ಕಪಾಟಿನಲ್ಲಿಟ್ಟರೆ ಮಂಗಳೂರಿಗೆ ಬರುವಷ್ಟರಲ್ಲಿ ರುಚಿ ಕೆಟ್ಟಿರುತ್ತದೆ.