ಬಿಟ್ಟ ಸ್ಥಳ ತುಂಬಲು ವಾಕ್ಯದಲ್ಲೇ ಸುಳಿವಿದೆ

ಸ್ಪರ್ಧಾತ್ಮಕ ಪರೀಕ್ಷೆಗಳ ಕನ್ನಡ ಪತ್ರಿಕೆಯಲ್ಲಿ ‘ಸೂಕ್ತ ಪದದಿಂದ ಬಿಟ್ಟ ಸ್ಥಳ ತುಂಬಿ’ ಎಂದು ಕಂಡ ಕೂಡಲೇ ಹಲವರ ಕಣ್ಣು ಆಯ್ಕೆಗಳತ್ತ ಓಡುತ್ತದೆ. ಎಡವುವುದು ಅಲ್ಲಿಯೇ. ಮೊದಲು ನಾಲ್ಕೂ ಆಯ್ಕೆಗಳನ್ನು ಕೈಯಿಂದ ಮುಚ್ಚಿ, ವಾಕ್ಯ ಪೂರ್ತಿ ಓದಿ, ಖಾಲಿ ಜಾಗಕ್ಕೆ ನಿಮಗೆ ತೋಚಿದ ಸರಳ ಪದವೊಂದನ್ನು ಇಟ್ಟುಕೊಳ್ಳಿ. ಆಮೇಲೆ ಅದಕ್ಕೆ ಹತ್ತಿರದ್ದನ್ನು ಹುಡುಕಿ.

‘ಅವನ ಮಾತು ಒರಟಾದರೂ ಮನಸ್ಸು ಮಾತ್ರ ____.’ ಆಯ್ಕೆಗಳು: ಚಂಚಲ, ಕಠೋರ, ಮೃದು, ವಿಶಾಲ. ‘ಆದರೂ’, ‘ಮಾತ್ರ’ ಎರಡೂ ಒರಟಿಗೆ ಎದುರಾದ ಪದವನ್ನೇ ಕೇಳುತ್ತಿವೆ, ಉತ್ತರ ಮೃದು. ಚಂಚಲ, ವಿಶಾಲ ಎಂಬವು ಮನಸ್ಸಿನ ಜೊತೆ ಕೇಳಿ ಕೇಳಿ ರೂಢಿಯಾದ ಪದಗಳು. ಕಿವಿಗೆ ಹಿತವಾಗಿರುವ ಕಾರಣಕ್ಕೇ ಅವು ಅಭ್ಯರ್ಥಿಯನ್ನು ಸೆಳೆಯುತ್ತವೆ.

‘ಆದರೆ’, ‘ಬದಲಿಗೆ’ ಇದ್ದರೆ ಅರ್ಥ ತಿರುಗುತ್ತದೆ. ‘ಆದ್ದರಿಂದ’ ಇದ್ದರೆ ಕಾರಣ ಮತ್ತು ಪರಿಣಾಮವನ್ನು ಹೊಂದಿಸಿ. ‘ಅಂದರೆ’ ಅಥವಾ ಅರ್ಧವಿರಾಮವಿದ್ದರೆ ವಿವರಣೆ ಪಕ್ಕದಲ್ಲೇ ಇರಬಹುದು: ‘ಆತ ____; ಕೇಳಿದಷ್ಟಕ್ಕೇ ಉತ್ತರಿಸುತ್ತಾನೆ’ ಎಂದರೆ ಮಿತಭಾಷಿ.

ಕನ್ನಡದಲ್ಲಿ ಇನ್ನೊಂದು ಗಟ್ಟಿ ಸುಳಿವಿದೆ, ವಿಭಕ್ತಿ ಪ್ರತ್ಯಯ. ಅದನ್ನು ಗಮನಿಸುವವರು ಕಡಿಮೆ. ‘ಬೆಳೆ ಕೈಕೊಟ್ಟಿದ್ದರಿಂದ ರೈತರು ____ಕ್ಕೆ ಸಿಲುಕಿದರು.’ ಆಯ್ಕೆಗಳು: ತೊಂದರೆ, ಚಿಂತೆ, ಸಂಕಷ್ಟ, ಹರ್ಷ. ‘ಕ್ಕೆ’ ಹತ್ತುವುದು ಮರ, ಕೆಲಸದಂಥ ಅಕಾರಾಂತ ಪದಗಳಿಗೆ. ಎಕಾರಾಂತಕ್ಕೆ ‘ಗೆ’ ಬರಬೇಕು. ಹಾಗಾಗಿ ತೊಂದರೆ, ಚಿಂತೆ ಎರಡೂ ಹೊರಗೆ. ಹರ್ಷ ವ್ಯಾಕರಣಕ್ಕೆ ಹೊಂದಿದರೂ ಅರ್ಥಕ್ಕೆ ಹೊಂದದು. ಉಳಿದದ್ದು ಸಂಕಷ್ಟ. ಕ್ರಿಯಾಪದದ ಲಿಂಗ, ವಚನವನ್ನೂ ಹೀಗೆಯೇ ನೋಡಿ: ‘ಸ್ವಾಗತಿಸಿದಳು’ ಎಂದಿದ್ದರೆ ಕರ್ತೃ ಸ್ತ್ರೀಲಿಂಗ, ಏಕವಚನ.

ಗೊತ್ತಿಲ್ಲದ ಪದ ಬಂದರೆ ಉಪಸರ್ಗ ಬಿಡಿಸಿ ಊಹಿಸಬಹುದು, ಆದರೆ ಅದೊಂದನ್ನೇ ನಂಬಬೇಡಿ. ಅಪಮಾನ, ಅಪಕೀರ್ತಿಗಳಲ್ಲಿ ‘ಅಪ’ ಕೆಟ್ಟ ಅರ್ಥ ಕೊಡುತ್ತದೆ, ಅಪೇಕ್ಷೆಯಲ್ಲಿ ಇಲ್ಲ. ‘ವೈದ್ಯರ ಸಲಹೆಯನ್ನು ____ ಮಾಡಿದ್ದರಿಂದ ಕಾಯಿಲೆ ಉಲ್ಬಣಿಸಿತು’ ಎಂಬಲ್ಲಿ ಅಪೇಕ್ಷೆ, ಉಪೇಕ್ಷೆ ಎರಡೂ ಎದುರಿದ್ದರೆ ವಾಕ್ಯದ ಕೊನೆಯನ್ನು ಕೇಳಿ. ಕಾಯಿಲೆ ಹೆಚ್ಚಿತು ಎಂದರೆ ಸಲಹೆಯನ್ನು ಕಡೆಗಣಿಸಲಾಗಿದೆ; ಅದೇ ಉಪೇಕ್ಷೆ.

ಇಷ್ಟಾದ ಮೇಲೂ ಎರಡು ಆಯ್ಕೆ ಉಳಿದರೆ? ಸರಿಯುತ್ತರಕ್ಕೆ 1 ಅಂಕ ಕೊಟ್ಟು ತಪ್ಪಿಗೆ 0.25 ಕಳೆಯುವ ಪರೀಕ್ಷೆಯಾದರೆ ಬಿಡದೆ ಗುರುತಿಸಿ. ಇಂಥ 8 ಪ್ರಶ್ನೆಗಳಲ್ಲಿ 4 ಸರಿಯಾದರೂ 4 ಅಂಕ ಬಂದು 1 ಹೋಗುತ್ತದೆ, 3 ಉಳಿಯುತ್ತದೆ.