ದುಃಖದ ಹಾಡು ಬೇರೆ, ದುಃಖದಲ್ಲಿ ಕೇಳುವ ಹಾಡು ಬೇರೆ

ನನ್ನ ಮೊಬೈಲಿನಲ್ಲಿ ‘ಸಂತೋಷ’, ‘ದುಃಖ’, ‘ಪ್ರೀತಿ’ ಎಂಬ ಹೆಸರಿನ ಪ್ಲೇಲಿಸ್ಟ್ ಒಂದೂ ಇಲ್ಲ. ಇರುವುದು ‘ಯಾರೊಂದಿಗೂ ಮಾತು ಬೇಡ’, ‘ಜಗಳ ಮುಗಿದ ಮೇಲೆ’, ‘ಏಳಲು ಮನಸ್ಸಿಲ್ಲ’, ‘ಕಾರಣವಿಲ್ಲದ ಖುಷಿ’, ‘ಕಾಯುವಾಗ’ ಎಂಬಂಥವು. ನೋಡಿದವರು ನಗುತ್ತಾರೆ, ನಗಲಿ. ಇಷ್ಟದ ಹಾಡುಗಳನ್ನು ಮನಸ್ಥಿತಿಗೆ ಹೊಂದಿಸುವ ಈ ಹವ್ಯಾಸದಲ್ಲಿ ವರ್ಷಗಳನ್ನು ಕಳೆದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಹಾಡಿನೊಳಗೆ ಯಾವ ಭಾವವಿದೆ ಎಂಬುದು ಒಂದು, ಅದು ನನ್ನೊಳಗೆ ಏನು ಮಾಡುತ್ತದೆ ಎಂಬುದು ಇನ್ನೊಂದು. ಪಟ್ಟಿ ಕಟ್ಟಬೇಕಾದದ್ದು ಎರಡನೆಯದನ್ನು ನೋಡಿಕೊಂಡು.

ಇದು ನನ್ನ ಸ್ವಂತ ಸಂಶೋಧನೆಯೇನಲ್ಲ. ಕೇಳುಗ ಹಾಡಿನಲ್ಲಿ ಗುರುತಿಸುವ ಭಾವವನ್ನೂ ತಾನು ನಿಜವಾಗಿ ಅನುಭವಿಸುವ ಭಾವವನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ಸ್ವೀಡನ್ನಿನ ಮನೋವಿಜ್ಞಾನಿ ಆಲ್ಫ್ ಗೇಬ್ರಿಯಲ್ಸನ್ 2002ರಲ್ಲಿ ವಿವರವಾಗಿ ಬರೆದಿದ್ದಾರೆ. ಅದಕ್ಕೂ ಎಷ್ಟೋ ಶತಮಾನಗಳ ಹಿಂದೆ ನಮ್ಮ ಅಲಂಕಾರಶಾಸ್ತ್ರ ಶೋಕವನ್ನು ಸ್ಥಾಯಿಭಾವ, ಅಂದರೆ ಮೂಲಭಾವವೆಂದೂ ಕರುಣವನ್ನು ರಸ, ಅಂದರೆ ನೋಡುಗ ಸವಿಯುವ ಅನುಭವವೆಂದೂ ಬೇರ್ಪಡಿಸಿಟ್ಟಿತ್ತು. ರಂಗದ ಮೇಲಿನ ಶೋಕ ನೋಡುಗನಲ್ಲಿಯೂ ಶೋಕವಾಗಿಯೇ ಉಳಿಯುವುದಾದರೆ ಕರುಣರಸದ ನಾಟಕಕ್ಕೆ ಎರಡನೆಯ ಸಲ ಯಾರು ಹೋಗುತ್ತಿದ್ದರು? ದುಃಖದ ಸಂಗೀತವನ್ನು ಜನ ಏಕೆ ಇಷ್ಟಪಟ್ಟು ಕೇಳುತ್ತಾರೆ ಎಂದು ಸಂಶೋಧಕರಾದ ಲೀಲಾ ತರುಫಿ ಮತ್ತು ಸ್ಟೀಫನ್ ಕೋಲ್ಷ್ 772 ಜನರನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅತಿ ಹೆಚ್ಚು ಬಾರಿ ಕಾಣಿಸಿಕೊಂಡ ಭಾವ ದುಃಖವಲ್ಲ, ಹಳೆಯದರ ಹಂಬಲ. ಅದನ್ನು ಓದಿದಾಗ ನನ್ನ ನೋಟ್‌ಬುಕ್ಕಿಗೆ ಸಾಕ್ಷಿ ಸಿಕ್ಕಂತಾಯಿತು.

ನೋಟ್‌ಬುಕ್ಕಿನ ವಿಷಯಕ್ಕೇ ಬರುತ್ತೇನೆ, ಏಕೆಂದರೆ ಇಡೀ ಕೆಲಸ ನಡೆಯುವುದು ಅಲ್ಲಿಯೇ. ಹಾಡೊಂದು ಮುಗಿದ ಕೂಡಲೇ ಒಂದು ಸಾಲು ಬರೆಯುತ್ತೇನೆ: ಕೇಳುವ ಮೊದಲು ಹೇಗಿದ್ದೆ, ಮುಗಿದಾಗ ಹೇಗಿದ್ದೇನೆ. ಹಾಡು ಚೆನ್ನಾಗಿದೆಯೇ, ಗಾಯಕರು ಹೇಗೆ ಹಾಡಿದ್ದಾರೆ ಎಂಬ ವಿಮರ್ಶೆಗೆ ಅಲ್ಲಿ ಜಾಗವಿಲ್ಲ. ಹೀಗೆ ಬರೆಯುತ್ತಾ ಹೋದಂತೆ ನಾಲ್ಕು ಕ್ರಿಯಾಪದಗಳು ತಾವಾಗಿಯೇ ಉಳಿದುಕೊಂಡವು. ಕೆಲವು ಹಾಡು ಜೊತೆಗಿರುತ್ತವೆ, ಕೆಲವು ಎತ್ತುತ್ತವೆ, ಕೆಲವು ಇಳಿಸುತ್ತವೆ, ಕೆಲವು ಕೆದಕುತ್ತವೆ. ಒಂದೇ ಹಾಡು ಬೇರೆ ಬೇರೆ ದಿನ ಬೇರೆ ಬೇರೆ ಕೆಲಸ ಮಾಡುವುದುಂಟು. ಆದ್ದರಿಂದ ಒಂದು ಸಾಲು ಸಾಲದು. ಅದೇ ಹಾಡಿಗೆ ಬೇರೆ ದಿನಗಳ ಕೆಲವು ಸಾಲುಗಳು ಸೇರಿ ಒಂದೇ ಮಾತು ಹೇಳತೊಡಗಿದಾಗ ಮಾತ್ರ ಅದನ್ನು ಪಟ್ಟಿಗೆ ಸೇರಿಸುತ್ತೇನೆ.

ದುಃಖದ ವಿಚಾರದಲ್ಲಿ ಈ ಲೆಕ್ಕ ನನಗೆ ಬಹಳ ಕಲಿಸಿತು. ಅವಮಾನವಾದಾಗಿನ ದುಃಖ, ಯಾರನ್ನೋ ಕಳೆದುಕೊಂಡ ದುಃಖ, ಬರೀ ದಣಿವಿನಿಂದ ಬಂದ ದುಃಖ ಇವು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಾಡಿನ ಮುಂದೆ ಮಾತ್ರ ಮೂರೂ ಬೇರೆ. ಕಳೆದುಕೊಂಡಾಗ ನನಗೆ ನಿಧಾನದ ಹಾಡು ಬೇಕು, ಒಂದೇ ಕಂಠವಿರಬೇಕು, ವಾದ್ಯಗಳು ಹಿಂದೆ ನಿಲ್ಲಬೇಕು, ಸಾಹಿತ್ಯದಲ್ಲಿ ಸಮಾಧಾನದ ಮಾತು ಇರಲೇಬಾರದು. ‘ಎಲ್ಲ ಸರಿಹೋಗುತ್ತದೆ’ ಎಂಬರ್ಥದ ಸಾಲು ಬಂದೊಡನೆ ಇಯರ್‌ಫೋನ್ ಕಿತ್ತಿಡಬೇಕೆನಿಸುತ್ತದೆ. ಅವಮಾನದ ದುಃಖಕ್ಕೆ ಇದೇ ಹಾಡು ಹಾಕಿದರೆ ಕೆದಕುತ್ತದೆ. ಆಗ ನನ್ನ ಮೇಲೆ ನನಗೇ ಮರುಕ ಹುಟ್ಟಿ, ಆದದ್ದನ್ನೆಲ್ಲ ಮನಸ್ಸು ಮತ್ತೆ ಮತ್ತೆ ಓಡಿಸತೊಡಗುತ್ತದೆ. ಹಾಡು ಆ ಓಟಕ್ಕೆ ಹಿನ್ನೆಲೆ ಸಂಗೀತವಾಗುತ್ತದೆ. ಅದಕ್ಕೆ ಬೇಕಾದದ್ದು ಬೆನ್ನು ನೆಟ್ಟಗೆ ಮಾಡುವ ಹಾಡು: ನಡಿಗೆಯ ಲಯ, ತುಂಬಿದ ಕಂಠ, ಹತ್ತು ಜನ ಒಟ್ಟಿಗೆ ಹಾಡುವ ಪಲ್ಲವಿ. ದಣಿವಿನ ದುಃಖಕ್ಕೆ ಹಾಡೇ ಬೇಡ, ನಿದ್ದೆ ಸಾಕು. ಇದನ್ನು ಹಾಡಿನ ಹುಚ್ಚಿನವರು ಒಪ್ಪುವುದಿಲ್ಲ.

ರಾಗ ನೋಡಿ ಪಟ್ಟಿ ಕಟ್ಟಬಹುದಲ್ಲ ಎಂದು ಸಂಗೀತ ಬಲ್ಲ ಗೆಳೆಯರು ಕೇಳುತ್ತಾರೆ. ಸ್ವಲ್ಪ ದೂರ ಅದು ಕರೆದುಕೊಂಡು ಹೋಗುತ್ತದೆ, ಸುಳ್ಳಲ್ಲ. ಮೋಹನಕ್ಕೂ ಶಿವರಂಜನಿಗೂ ಐದೇ ಸ್ವರ, ಅದರಲ್ಲಿ ನಾಲ್ಕು ಒಂದೇ. ಗಾಂಧಾರದ ಮೇಲಿನ ರೂಪವಾದ ಅಂತರ ಗಾಂಧಾರದ ಜಾಗಕ್ಕೆ ಅದರ ಕೆಳಗಿನ ರೂಪವಾದ ಸಾಧಾರಣ ಗಾಂಧಾರ ಬಂದರೆ ಮೋಹನದ ಬೆಳಕು ಹೋಗಿ ಶಿವರಂಜನಿಯ ಕೊರಗು ಬರುತ್ತದೆ. ಒಂದು ಸ್ವರ ಅರ್ಧ ಮೆಟ್ಟಿಲು ಇಳಿದದ್ದಕ್ಕೆ ಇಷ್ಟು! ನನಗೆ ಇದು ಇವತ್ತಿಗೂ ವಿಸ್ಮಯ. ಆದರೆ ಶಿವರಂಜನಿಯ ಛಾಯೆಯ ಹಾಡನ್ನೇ ಬಿರುಸಾದ ತಾಳದಲ್ಲಿ, ಡೋಲಕ್ ಸೇರಿಸಿ ಹಾಡಿಸಿ ನೋಡಿ, ಕೊರಗು ಅರ್ಧಕ್ಕರ್ಧ ಕರಗಿ ಕಾಲು ಕುಣಿಯತೊಡಗುತ್ತದೆ. ರಾಗಕ್ಕೆ ಹೊತ್ತಿನ ಕಟ್ಟಳೆಯೂ ಇದೆ: ಹಿಂದೂಸ್ತಾನಿಯಲ್ಲಿ ಭೈರವ್ ಬೆಳಗಿನದು, ಯಮನ್ ಸಂಜೆ ಕಳೆದ ಮೇಲಿನದು. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಈ ನಿಯಮ ಅಷ್ಟು ಬಿಗಿಯಲ್ಲ. ನಾನು ಆ ಕಟ್ಟಳೆಯನ್ನು ನಂಬಿ ಹೊರಡದೆ, ಒಂದೇ ಹಾಡನ್ನು ಎದ್ದ ಕೂಡಲೇ ಒಮ್ಮೆ, ದೀಪ ಆರಿಸಿದ ಮೇಲೆ ಒಮ್ಮೆ ಕೇಳಿ ನೋಡುತ್ತೇನೆ. ಕೆಲವು ಹಾಡುಗಳು ಹಗಲನ್ನು ತಡೆಯುವುದೇ ಇಲ್ಲ.

ರಾಗಕ್ಕಿಂತ ನನ್ನ ಕೈಗೆ ಸುಲಭವಾಗಿ ಸಿಗುವುದು ವೇಗ. ಅಳೆಯಲು ಉಪಕರಣ ಬೇಡ. ಗಡಿಯಾರ ನೋಡುತ್ತಾ 15 ಸೆಕೆಂಡು ಬೆರಳಿನಿಂದ ತಾಳ ತಟ್ಟಿ ಎಣಿಸಿ, ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆಷ್ಟು ಬಡಿತ ಎಂಬುದು ಸಿಗುತ್ತದೆ. 60ರಿಂದ 80ರ ನಡುವಿನ ಹಾಡುಗಳು ವಿಶ್ರಾಂತಿಯಲ್ಲಿರುವ ಎದೆಬಡಿತದ ಆಸುಪಾಸಿನಲ್ಲಿರುತ್ತವೆ. ನನ್ನ ‘ಇಳಿಸುವ’ ಹಾಡುಗಳಲ್ಲಿ ಬಹುಪಾಲು ಅಲ್ಲಿಯೇ ಇವೆ. ಚುರುಕಾಗಿ ನಡೆಯುವಾಗಿನ ಹೆಜ್ಜೆ ನಿಮಿಷಕ್ಕೆ 100 ದಾಟುತ್ತದೆ, ‘ಏಳಲು ಮನಸ್ಸಿಲ್ಲ’ ಪಟ್ಟಿಯ ಕೊನೆಯ ಹಾಡುಗಳು ಆ ವೇಗದವು. ಹಾಡನ್ನು ಆ್ಯಪ್‌ಗಳು ವಿಂಗಡಿಸುವಾಗಲೂ ಇಂಥದೇ ಅಳತೆ ನಡೆಯುತ್ತದೆ: ಹಾಡು ಎಷ್ಟು ಹಿತವಾಗಿದೆ ಎಂಬುದಕ್ಕೆ ಒಂದು ಅಂಕ, ಎಷ್ಟು ಚುರುಕಾಗಿದೆ ಎಂಬುದಕ್ಕೆ ಇನ್ನೊಂದು. ಭಾವಗಳನ್ನೆಲ್ಲ ಹೀಗೆ ಎರಡು ಅಕ್ಷಗಳ ಒಂದು ವೃತ್ತದಲ್ಲಿ ಇಡಬಹುದೆಂದು ಮನೋವಿಜ್ಞಾನಿ ಜೇಮ್ಸ್ ರಸೆಲ್ 1980ರಲ್ಲಿ ತೋರಿಸಿದ್ದರು. ಆ ಎರಡು ಅಂಕಗಳು ಹಾಡಿನ ಬಗ್ಗೆ ಹೇಳುತ್ತವೆ. ಆ ಹಾಡನ್ನು ನಾನು ಮೊದಲು ಕೇಳಿದ್ದು ಎಲ್ಲಿ, ಪಕ್ಕದಲ್ಲಿ ಯಾರಿದ್ದರು ಎಂಬುದು ಅವುಗಳಿಗೆ ಹೇಗೆ ಗೊತ್ತಾಗಬೇಕು?

ಈಗ ಕೋಪ. ನನ್ನ ಪಟ್ಟಿಗಳಲ್ಲಿ ಅತಿ ಹೆಚ್ಚು ತಿದ್ದುಪಡಿ ಕಂಡದ್ದು, ಇವತ್ತು ಅತಿ ಚೆನ್ನಾಗಿ ಕೆಲಸ ಮಾಡುವುದು ‘ಜಗಳ ಮುಗಿದ ಮೇಲೆ’. ಸಿಟ್ಟು ಬಂದಾಗ ಶಾಂತವಾದ ಕೊಳಲು ಕೇಳಿ ಎಂದು ಸಲಹೆ ಕೊಡುವವರಿಗೆ ನಿಜವಾದ ಸಿಟ್ಟು ಎಂದೂ ಬಂದಿಲ್ಲವೆಂದು ನನ್ನ ಅನುಮಾನ. ಕುದಿಯುತ್ತಿರುವವನಿಗೆ ಕೊಳಲು ಕೇಳಿಸಿದರೆ ಕೊಳಲಿನ ಮೇಲೂ ಸಿಟ್ಟು ಬರುತ್ತದೆ. ಸಂಗೀತ ಚಿಕಿತ್ಸೆಯಲ್ಲಿ ಇದಕ್ಕೆ ಒಂದು ಹಳೆಯ ತತ್ವವಿದೆ. ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶೂಲರ್ 1940ರ ದಶಕದಲ್ಲಿ ಅದನ್ನು ಮುಂದಿಟ್ಟರು: ಕೇಳುವವನು ಈಗ ಇರುವ ಮನಸ್ಥಿತಿಗೆ ಸರಿಸಮವಾದ ಸಂಗೀತದಿಂದ ಶುರುಮಾಡಿ, ಹಂತ ಹಂತವಾಗಿ ಬೇಕಾದ ಕಡೆಗೆ ಕರೆದೊಯ್ಯಬೇಕು. ಈ ತತ್ವ ತಿಳಿಯುವ ಮೊದಲೇ ನನ್ನ ಪಟ್ಟಿ ಆ ದಾರಿ ಹಿಡಿದಿತ್ತು.

ಅದರ ಮೊದಲ ಹಾಡಿನಲ್ಲಿ ಭಾರೀ ತಾಳವಾದ್ಯವಿದೆ, ಮಾತಿಲ್ಲ. ಮಾತಿದ್ದರೆ ಸಿಟ್ಟು ಅದಕ್ಕೆ ಉತ್ತರ ಕೊಡಲು ಹೋಗುತ್ತದೆ. ಎರಡನೆಯದು ನನಗೆ ತಿಳಿಯದ ಭಾಷೆಯದು, ಗಾಯಕ ಗಂಟಲು ಹರಿಯುವಂತೆ ಹಾಡುತ್ತಾನೆ. ನನ್ನ ಪರವಾಗಿ ಯಾರೋ ಕೂಗಿದರೆಂಬ ತೃಪ್ತಿ ಅದರಲ್ಲಿದೆ. ಮೂರನೆಯದರಲ್ಲಿ ವೇಗ ಅಷ್ಟೇ ಇದ್ದರೂ ಶ್ರುತಿ ಕೆಳಗಿಳಿಯುತ್ತದೆ. ನಾಲ್ಕನೆಯದು ತಿರುವು, ಅದನ್ನು ಆರಿಸುವುದೇ ಕಷ್ಟ. ಚರಣಗಳು ಬಿರುಸಾಗಿದ್ದು, ನಡುವೆ ಒಂದು ಕಡೆ ತಾಳ ನಿಂತು ಕಂಠವೊಂದೇ ಉಳಿಯುವ ಹಾಡು ಬೇಕು. ಆ ಖಾಲಿ ಜಾಗದಲ್ಲಿ ಉಸಿರು ತಾನಾಗಿಯೇ ಉದ್ದವಾಗುತ್ತದೆ. ಅಲ್ಲಿಂದಾಚೆಗೆ ಏನಿದ್ದರೂ ನಡೆಯುತ್ತದೆ. ಕೊಳಲೂ ಆಗ ಬರಬಹುದು. ಇಂಥ ಪಟ್ಟಿಗೆ ಶಫಲ್ ಶತ್ರು. ಮೊದಲ ಹಾಡಿನ ನಂತರ ಆರನೆಯದು ಬಂದರೆ ಮೆಟ್ಟಿಲು ತಪ್ಪಿ ಕಾಲಿಟ್ಟ ಹಾಗೆ.

ಖುಷಿಗೆ ಇಷ್ಟೆಲ್ಲ ಯೋಚನೆ ಬೇಡ. ಖುಷಿಯಾಗಿರುವಾಗ ಯಾವ ಹಾಡೂ ಒಗ್ಗುತ್ತದೆ. ಒಂದೇ ಎಚ್ಚರ, ಆ ಹೊತ್ತಿಗೆ ಹೊಸ ಹಾಡುಗಳನ್ನು ಕೇಳುವುದು. ಹೊಸ ಹಾಡು ಯಾವ ದಿನ ಮೊದಲು ಕಿವಿಗೆ ಬಿತ್ತೋ ಆ ದಿನದ ಬಣ್ಣ ಅದಕ್ಕೆ ಅಂಟಿಕೊಳ್ಳುತ್ತದೆ. ಒಳ್ಳೆಯ ಬಣ್ಣವೇ ಅಂಟಲಿ.

ಕೆಲಸ ಮಾಡುವಾಗಿನ ಪಟ್ಟಿಯಲ್ಲಿ ನಿಯಮ ಸರಳ: ಓದು, ಬರಹ ಇದ್ದರೆ ತಿಳಿಯುವ ಭಾಷೆಯ ಸಾಹಿತ್ಯ ಇರಬಾರದು. ಕಣ್ಣು ಒಂದು ವಾಕ್ಯ ಓದುತ್ತಿರುವಾಗ ಕಿವಿ ಇನ್ನೊಂದನ್ನು ಓದತೊಡಗುತ್ತದೆ. ಭಾವಗೀತೆಗಳನ್ನು ಈ ಪಟ್ಟಿಯಿಂದ ಪೂರ್ತಿ ಹೊರಗಿಟ್ಟಿದ್ದೇನೆ, ಅವು ತಮ್ಮ ಮಾತಿಗೆ ಗಮನ ಕೇಳುತ್ತವೆ, ಕೇಳುವುದು ಅವುಗಳ ಹಕ್ಕು. ಕೈಗೆ ಮಾತ್ರ ಕೆಲಸವಿದ್ದು ತಲೆ ಖಾಲಿ ಇರುವಾಗ, ಬಟ್ಟೆ ಮಡಿಸುವಾಗಲೋ ಕಪಾಟು ಜೋಡಿಸುವಾಗಲೋ, ಸಾಹಿತ್ಯವಿರುವ ಹಾಡೇ ಬೇಕು, ಅದೂ ಜೊತೆಯಲ್ಲಿ ಗುನುಗಲು ಬರುವಂಥದು.

ನೆನಪು ಮೆತ್ತಿಕೊಂಡ ಹಾಡುಗಳ ಬಗ್ಗೆ ನಾನು ಸ್ವಲ್ಪ ಜಿಪುಣ. ಹರೆಯದಲ್ಲಿ ಮತ್ತು ಅದರಾಚೆಯ ಕೆಲವು ವರ್ಷಗಳಲ್ಲಿ ಕೇಳಿದ ಹಾಡುಗಳು ಜೀವಮಾನವಿಡೀ ಹೆಚ್ಚು ಗಟ್ಟಿಯಾಗಿ ನೆನಪಿನಲ್ಲಿ ಉಳಿಯುತ್ತವೆ ಎಂಬುದನ್ನು ಸಂಶೋಧಕರು ಬೇರೆ ಬೇರೆ ಕಡೆ ಕಂಡಿದ್ದಾರೆ. ನನ್ನವೂ ಹಾಗೆಯೇ ಇವೆ. ಕೆಲವು ಒಬ್ಬ ವ್ಯಕ್ತಿಗೆ, ಕೆಲವು ಒಂದು ಮಳೆಗಾಲಕ್ಕೆ, ಒಂದು ಮಾತ್ರ ಒಂದು ಆಸ್ಪತ್ರೆಯ ಮೆಟ್ಟಿಲಿಗೆ ಕಟ್ಟಿಕೊಂಡಿವೆ. ಆ ಕೊನೆಯದು ಯಾರ ಲೆಕ್ಕದಲ್ಲಿಯೂ ಕುಣಿಯುವ ಹಾಡು, ಯಾವ ಆ್ಯಪ್ ಕೂಡ ಅದನ್ನು ‘ಸಂತೋಷ’ದ ಕೆಳಗೇ ಇಡುತ್ತದೆ. ಇವನ್ನು ನಾನು ಯಾವ ಪಟ್ಟಿಗೂ ಸೇರಿಸುವುದಿಲ್ಲ. ಪಟ್ಟಿಯಲ್ಲಿದ್ದರೆ ಆಗಾಗ ಬರುತ್ತವೆ, ಆಗಾಗ ಬಂದರೆ ಇವತ್ತಿನ ಸಾದಾ ದಿನಗಳು ಅವುಗಳ ಮೇಲೆ ಪದರ ಪದರವಾಗಿ ಕುಳಿತು ಹಳೆಯದನ್ನು ಮುಚ್ಚುತ್ತವೆ. ಬೇಕೆಂದೇ ಹುಡುಕಿ, ಹೆಸರು ಬರೆದು, ಹಾಕಿಕೊಂಡು ಕೇಳಬೇಕು. ಮರೆಯಬೇಕೆನಿಸಿದ ನೆನಪಿಗೆ ಅಂಟಿದ ಹಾಡನ್ನು ಮಾತ್ರ ಇದರ ತದ್ವಿರುದ್ಧವಾಗಿ ನಡೆಸಿಕೊಂಡಿದ್ದೇನೆ: ಪಾತ್ರೆ ಉಜ್ಜುವಾಗ, ಕಸ ಗುಡಿಸುವಾಗ ಹಾಕಿ ಹಾಕಿ ಅದರ ಹಲ್ಲು ಕಿತ್ತಿದ್ದೇನೆ.

ಹಾಡು ಸವೆಯುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮತ್ತೆ ಮತ್ತೆ ಎದುರಾದದ್ದರ ಮೇಲೆ ಒಲವು ಬೆಳೆಯುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1968ರಲ್ಲಿ ತೋರಿಸಿದರು. ಆ ಒಲವು ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ ಎಂಬ ಕಮಾನಿನಾಕಾರದ ರೇಖೆ 1970ರ ದಶಕದಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಡೇನಿಯಲ್ ಬರ್ಲೈನ್ ಮುಂದಿಟ್ಟದ್ದು. ಹೊಸ ಹಾಡು ಸಿಕ್ಕಾಗ ದಿನವಿಡೀ ಅದನ್ನೇ ಕೇಳುವ ಚಟ ನನಗೂ ಇದೆ. ಪಟ್ಟಿಗೆ ಸೇರಬೇಕಾದ ಹಾಡನ್ನು ಮಾತ್ರ ಹಾಗೆ ಕೇಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಹಾಡಿಗೆ ‘ಏನೂ ಆಗಲಿಲ್ಲ’ ಎಂಬ ಸಾಲು ಎರಡು ಸಲ ಬಂದರೆ ಅದನ್ನು ತೆಗೆದು ‘ಮಲಗಿರಲಿ’ ಎಂಬ ಪಟ್ಟಿಗೆ ಹಾಕುತ್ತೇನೆ. ಒಂದು ಋತು ಕಳೆದ ಮೇಲೆ ತೆಗೆದರೆ ಹಲವು ಮತ್ತೆ ಎದ್ದು ಕೂರುತ್ತವೆ.

ತಂಗಿ ಒಮ್ಮೆ ‘ಅಕ್ಕ, ನಿನ್ನ ಸಿಟ್ಟಿನ ಪಟ್ಟಿ ಕಳಿಸು’ ಎಂದಳು. ಕಳಿಸಿದೆ. ಎರಡನೆಯ ಹಾಡಿಗೆ ಬರುವಷ್ಟರಲ್ಲಿ ಅವಳಿಗೆ ತಡೆಯಲಾರದ ನಗು ಬಂದಿತಂತೆ, ಸಿಟ್ಟೇನೋ ಹೋಯಿತಂತೆ. ಅಂದಿನಿಂದ ಯಾರು ಕೇಳಿದರೂ ಸಿದ್ಧ ಪಟ್ಟಿ ಕಳಿಸುವುದಿಲ್ಲ. ಮೊದಲು ಅವರು ಯಾವಾಗಲೂ ದಾಟಿಸಿ ಮುಂದೆ ಹೋಗುವ ಹಾಡು ಯಾವುದೆಂದು ಕೇಳುತ್ತೇನೆ. ಇಷ್ಟದ ಹಾಡು ಯಾವುದೆಂದರೆ ಜನ ನಾಲ್ವರ ಮುಂದೆ ಹೇಳಬಹುದಾದ ಹೆಸರನ್ನೇ ಹೇಳುತ್ತಾರೆ. ದಾಟಿಸುವ ಹಾಡಿನ ಬಗ್ಗೆ ಸುಳ್ಳು ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಅದು ಬೇಸರದಿಂದ ದಾಟಿಸುವ ಹಾಡಾದರೆ ಮುಂದಿನ ಪ್ರಶ್ನೆಗೆ ಹೋಗುತ್ತೇನೆ. ಭಯದಿಂದ ದಾಟಿಸುವುದಾದರೆ ಅದರ ವೇಗ, ಕಂಠ, ಮಾತು ಮೂರನ್ನೂ ಬರೆದಿಟ್ಟುಕೊಂಡು, ಅವರ ಪಟ್ಟಿಯಲ್ಲಿ ಆ ಮೂರೂ ಒಂದೇ ಹಾಡಿನಲ್ಲಿ ಸೇರದಂತೆ ನೋಡಿಕೊಳ್ಳುತ್ತೇನೆ.