ಮನೆಯ ಕಂಪ್ಯೂಟರಿಗೆ ಸ್ಪೈವೇರ್ ತಡೆಯುವ ತಂತ್ರಾಂಶವನ್ನು ಆರಿಸುವುದು ಹೇಗೆ?

ಇಪ್ಪತ್ತು ವರ್ಷಗಳ ಹಿಂದೆ ಸ್ಪೈವೇರ್ ಎಂದರೆ ಬಹುಮಟ್ಟಿಗೆ ಬ್ರೌಸರಿನ ಮುಖಪುಟವನ್ನು ಬದಲಿಸಿ, ನಾವು ಯಾವ ಯಾವ ಜಾಲತಾಣಗಳನ್ನು ನೋಡುತ್ತೇವೆಂಬ ವಿವರವನ್ನು ಜಾಹೀರಾತು ಕಂಪನಿಗಳಿಗೆ ರವಾನಿಸುವ ಉಪದ್ರವವಾಗಿತ್ತು. ಇಂದು ಮನೆಯ ಕಂಪ್ಯೂಟರಿಗೆ ಹೆಚ್ಚಿನ ಅಪಾಯ ಬರುವುದು ಮಾಹಿತಿಗಳ್ಳ ತಂತ್ರಾಂಶಗಳಿಂದ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ಕಾರ್ಡಿನ ವಿವರಗಳು ಹಾಗೂ ಪಾಸ್‌ವರ್ಡ್ ಕೇಳದೆಯೇ ಖಾತೆ ತೆರೆದುಕೊಡುವ ಕುಕೀಗಳನ್ನು ಇವು ಅಲ್ಪ ಸಮಯದಲ್ಲೇ ಒಟ್ಟುಗೂಡಿಸಿ ಹೊರಗೆ ಕಳುಹಿಸುತ್ತವೆ. ಕೆಲವು ತಮ್ಮ ಗುರುತನ್ನೂ ಅಳಿಸಿಕೊಂಡು ಹೋಗುತ್ತವೆ. ಅಂಥದ್ದೊಂದಾದ ಲುಮ್ಮಾ ಎಂಬುದು 2025ರ ಮಾರ್ಚ್ 16ರಿಂದ ಮೇ 16ರವರೆಗೆ, ಕೇವಲ ಎರಡು ತಿಂಗಳಲ್ಲಿ, ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಿಗೆ ತಗುಲಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತು.

ತಂತ್ರಾಂಶದ ಆಯ್ಕೆಗೆ ಮೊದಲ ಅಳತೆಗೋಲು ಇಲ್ಲಿಯೇ ಸಿಗುತ್ತದೆ. ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಕಳ್ಳನನ್ನು ಹುಡುಕುವ ತಂತ್ರಾಂಶ ಸಾಲದು, ಏಕೆಂದರೆ ಅಷ್ಟರಲ್ಲಿ ಕದಿಯುವ ಕೆಲಸ ಮುಗಿದಿರುತ್ತದೆ. ಕಡತವೊಂದು ತೆರೆದುಕೊಳ್ಳುವ ಕ್ಷಣದಲ್ಲೇ ಅದನ್ನು ಪರೀಕ್ಷಿಸಿ ತಡೆಯುವ, ಅಂದರೆ ಸದಾ ಎಚ್ಚರವಾಗಿರುವ ರಿಯಲ್ ಟೈಮ್ ರಕ್ಷಣೆ ಇರಲೇಬೇಕು. ಅದಿಲ್ಲದ ತಂತ್ರಾಂಶ ಎರಡನೆಯ ಅಭಿಪ್ರಾಯ ಕೇಳುವುದಕ್ಕೆ ಒದಗೀತೇ ಹೊರತು ಮುಖ್ಯ ಕಾವಲಿಗೆ ಒದಗದು.

ವಿಂಡೋಸ್ 10 ಅಥವಾ 11 ಇರುವವರಲ್ಲಿ ಈ ಕಾವಲು ಡಿಫೆಂಡರ್ ಎಂಬ ಹೆಸರಿನಲ್ಲಿ ಆಗಲೇ ಇದೆ. ಮೈಕ್ರೋಸಾಫ್ಟ್ 2004ರ ಡಿಸೆಂಬರಿನಲ್ಲಿ ಜಯಂಟ್ ಎಂಬ ಸಣ್ಣ ಕಂಪನಿಯನ್ನು ಕೊಂಡು, ಅದರ ಸ್ಪೈವೇರ್ ವಿರೋಧಿ ತಂತ್ರಾಂಶವನ್ನೇ ಬೆಳೆಸಿ ಡಿಫೆಂಡರ್ ಮಾಡಿತು. 2012ರ ವಿಂಡೋಸ್ 8ರ ಹೊತ್ತಿಗೆ ಅದು ಪೂರ್ಣ ಪ್ರಮಾಣದ ಆ್ಯಂಟಿವೈರಸ್ ಆಯಿತು. ಬ್ಯಾಂಕ್ ವ್ಯವಹಾರ, ಮಕ್ಕಳ ಓದು, ಟೈಪಿಂಗ್, ವಿಡಿಯೊ ವೀಕ್ಷಣೆಗಷ್ಟೇ ಬಳಕೆಯಾಗುವ ಮನೆಯ ಕಂಪ್ಯೂಟರಿಗೆ ಸರಿಯಾಗಿ ಹೊಂದಿಸಿದ ಡಿಫೆಂಡರ್ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ‘ಸರಿಯಾಗಿ ಹೊಂದಿಸಿದ’ ಎಂಬ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ ತೆರೆಯಿರಿ. ಅಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಭಾಗದ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋದರೆ ರಿಯಲ್ ಟೈಮ್ ಪ್ರೊಟೆಕ್ಷನ್ ಮತ್ತು ಟ್ಯಾಂಪರ್ ಪ್ರೊಟೆಕ್ಷನ್ ಎಂಬ ಗುಂಡಿಗಳು ಕಾಣುತ್ತವೆ. ಎರಡೂ ಆನ್ ಇರಬೇಕು. ಬೇರೆ ತಂತ್ರಾಂಶಗಳು ನಿಮಗೆ ತಿಳಿಯದಂತೆ ಡಿಫೆಂಡರನ್ನು ನಿಲ್ಲಿಸದ ಹಾಗೆ ತಡೆಯುವುದು ಟ್ಯಾಂಪರ್ ಪ್ರೊಟೆಕ್ಷನ್. ಅದೇ ಪುಟದ ಕೆಳತುದಿಯಲ್ಲಿ ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿಯಿದೆ. ಇಲ್ಲಿ ಸೇರಿಸಿದ ಫೋಲ್ಡರುಗಳನ್ನು ಡಿಫೆಂಡರ್ ಮುಟ್ಟಿಯೂ ನೋಡುವುದಿಲ್ಲ. ನಕಲಿ ವಿಂಡೋಸನ್ನು ಚಾಲೂ ಮಾಡುವ ಆ್ಯಕ್ಟಿವೇಟರನ್ನು ಯಾರಾದರೂ ಹಾಕಿದ್ದರೆ ಅದರ ಫೋಲ್ಡರ್, ಕೆಲವೊಮ್ಮೆ ಇಡೀ ಸಿ ಡ್ರೈವ್, ಈ ಪಟ್ಟಿಯಲ್ಲಿ ಕುಳಿತಿರುವುದುಂಟು. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ ಅಥವಾ ಎರಡನೇ ಕೈಯಿಂದ ಕೊಂಡ ಕಂಪ್ಯೂಟರಾದರೆ ಈ ಪಟ್ಟಿಯನ್ನು ಮೊದಲು ನೋಡಿ. ನೀವಾಗಿ ಸೇರಿಸದ ಹೆಸರು ಅಲ್ಲಿದ್ದರೆ ತೆಗೆದುಹಾಕಿ, ಪೂರ್ಣ ಸ್ಕ್ಯಾನ್ ನಡೆಸಿ. ಇನ್ನೂ ಮೇಲಾದದ್ದು ಅಸಲಿ ವಿಂಡೋಸನ್ನು ಹೊಸದಾಗಿ ಹಾಕಿಸುವುದು. ಕಾವಲನ್ನು ನಿಲ್ಲಿಸಿದ ಮೇಲಷ್ಟೇ ಒಳಬಂದ ತಂತ್ರಾಂಶದ ಮೇಲೆ ಬೇರೆ ಯಾವ ರಕ್ಷಣೆ ಕಟ್ಟಿದರೂ ನಂಬುವಂತಿಲ್ಲ.

ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಭಾಗದಲ್ಲಿರುವ ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ನನ್ನೂ ತೆರೆದು, ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್ ಆನ್ ಇದೆಯೇ ಎಂದು ನೋಡಬೇಕು. ವೈರಸ್ ಎಂದು ಕರೆಯಲಾಗದ, ಆದರೆ ಬೇರೊಂದು ತಂತ್ರಾಂಶದ ಬೆನ್ನೇರಿ ಬಂದು ಜಾಹೀರಾತು ತೋರಿಸುವ, ಬ್ರೌಸಿಂಗ್ ವಿವರ ಸಂಗ್ರಹಿಸುವ ಸರಕನ್ನು ತಡೆಯುವುದು ಇದೇ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿಗೆ ಹೊಸ ಸ್ಪೈವೇರುಗಳ ಮಾಹಿತಿ ಬರುತ್ತಿದ್ದರೂ ವಿಂಡೋಸಿನ ಲೋಪಗಳೇ ಮುಚ್ಚದೆ ಉಳಿದರೆ ಪ್ರಯೋಜನವಿಲ್ಲ. ವಿಂಡೋಸ್ 11ಕ್ಕೆ ಹೋಗಲಾಗದವರು 2026ರ ಅಕ್ಟೋಬರ್ 13ರವರೆಗಿನ ವಿಸ್ತೃತ ಭದ್ರತಾ ಅಪ್‌ಡೇಟುಗಳಿಗೆ ಹೆಸರು ನೋಂದಾಯಿಸಿ, ಆ ಅವಧಿಯೊಳಗೆ ಮುಂದಿನ ದಾರಿ ನೋಡಿಕೊಳ್ಳಬೇಕು. ಆ್ಯಂಟಿವೈರಸ್ ಕೊಳ್ಳಲು ತೆಗೆದಿಟ್ಟ ಹಣ ಈ ಕೆಲಸಕ್ಕೇ ಹೋದರೂ ತಪ್ಪಲ್ಲ.

ಮನೆಯಲ್ಲಿ ಹಲವು ಮಂದಿ ಒಂದೇ ಕಂಪ್ಯೂಟರ್ ಬಳಸುತ್ತಾರೆ, ಊರಿನಲ್ಲಿರುವ ವಯಸ್ಸಾದ ತಂದೆತಾಯಿಗಳ ಕಂಪ್ಯೂಟರನ್ನು ದೂರದಿಂದಲೇ ನೋಡಿಕೊಳ್ಳಬೇಕಾಗಿದೆ, ತೊಂದರೆಯಾದಾಗ ಫೋನಿನಲ್ಲಿ ಮಾತನಾಡಿ ನೆರವಾಗುವವರು ಬೇಕು ಎಂಬಂಥ ಕಾರಣಗಳಿದ್ದರೆ ಹಣ ಕೊಟ್ಟು ಬೇರೆ ತಂತ್ರಾಂಶ ಕೊಳ್ಳುವುದಕ್ಕೆ ಅರ್ಥವಿದೆ. ಆಗ ಜಾಹೀರಾತನ್ನು ಬದಿಗಿಟ್ಟು, ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿರುವ ಎವಿ ಟೆಸ್ಟ್ ಮತ್ತು ಆಸ್ಟ್ರಿಯಾದ ಇನ್ಸ್‌ಬ್ರಕ್‌ನಲ್ಲಿರುವ ಎವಿ ಕಂಪ್ಯಾರಟಿವ್ಸ್ ಎಂಬ ಪ್ರಯೋಗಾಲಯಗಳ ಫಲಿತಾಂಶಗಳನ್ನು ನೋಡಿ. ಎರಡೂ ತಮ್ಮ ವರದಿಗಳನ್ನು ಉಚಿತವಾಗಿ ಓದಲು ಕೊಡುತ್ತವೆ. ಎವಿ ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಅನುಕೂಲ ಎಂಬ ಮೂರಕ್ಕೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಬಹಳಷ್ಟು ತಂತ್ರಾಂಶಗಳು 17, 18 ಪಡೆಯುವುದರಿಂದ ಮೊತ್ತಕ್ಕಿಂತ ಒಳಗಿನ ವಿವರವೇ ಹೆಚ್ಚು ಉಪಯುಕ್ತ. ನಾಲ್ಕು ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರಾದರೆ ವೇಗದ ಅಂಕವನ್ನು ನೋಡಿ. ಮನೆಯವರು ಕಂಪ್ಯೂಟರಿನಲ್ಲಿ ಪಳಗದವರಾದರೆ, ಒಳ್ಳೆಯ ಕಡತವನ್ನೂ ಕೆಟ್ಟದ್ದೆಂದು ಹಿಡಿದ ಸಂದರ್ಭಗಳೆಷ್ಟು ಎಂಬುದನ್ನು ಗಮನಿಸಿ. ಸುಳ್ಳು ಎಚ್ಚರಿಕೆ ಪದೇ ಪದೇ ಬಂದರೆ ಜನ ನಿಜವಾದ ಎಚ್ಚರಿಕೆಗೂ ‘ಅಲೋ’ ಒತ್ತುವುದನ್ನು ಕಲಿತುಬಿಡುತ್ತಾರೆ. ಒಂದು ತಿಂಗಳ ಫಲಿತಾಂಶವನ್ನಷ್ಟೇ ನೆಚ್ಚದೆ ಒಂದೆರಡು ವರ್ಷಗಳ ವರದಿಗಳನ್ನು ಜೊತೆಗಿಟ್ಟು ನೋಡುವುದು ಒಳ್ಳೆಯದು.

ಆದರೆ ಈ ಪ್ರಯೋಗಾಲಯಗಳ ಅಂಕಪಟ್ಟಿ ಹೇಳದ ವಿಷಯವೊಂದಿದೆ. ಸ್ಪೈವೇರ್ ತಡೆಯುವ ತಂತ್ರಾಂಶಕ್ಕೆ ನಮ್ಮ ಪ್ರತಿಯೊಂದು ಕಡತವನ್ನೂ ನಾವು ತೆರೆಯುವ ಪ್ರತಿಯೊಂದು ಪುಟವನ್ನೂ ನೋಡುವ ಅಧಿಕಾರ ಕೊಟ್ಟಿರುತ್ತೇವೆ. ಮನೆ ಕಾಯುವವನ ಕೈಗೆ ಬೀಗದ ಕೈಗೊಂಚಲನ್ನೇ ಒಪ್ಪಿಸಿದಂತೆ ಇದು. ಹೀಗಾಗಿ ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಉಚಿತ ತಂತ್ರಾಂಶದ ವಿಷಯದಲ್ಲಿ ವಿಶೇಷವಾಗಿ ಕೇಳಬೇಕು. ಹೆಸರಾಂತ ಆ್ಯಂಟಿವೈರಸ್ ಕಂಪನಿ ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ವಿವರಗಳನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ 2014ರಿಂದ ಮಾರಿತ್ತು. ವಿಷಯ ಬಯಲಾದ ಮೇಲೆ 2020ರ ಜನವರಿಯಲ್ಲಿ ಜಂಪ್‌ಶಾಟನ್ನು ಮುಚ್ಚಿತು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದರಿಂದ 1.65 ಕೋಟಿ ಡಾಲರ್ ವಸೂಲಿಗೆ ಕ್ರಮ ಕೈಗೊಂಡು, ಅಂಥ ವಿವರಗಳನ್ನು ಜಾಹೀರಾತಿಗಾಗಿ ಮಾರದಂತೆ ನಿರ್ಬಂಧಿಸಿತು. ಬೇಹುಗಾರಿಕೆಯಿಂದ ಕಾಪಾಡುತ್ತೇನೆಂದು ಬಂದ ತಂತ್ರಾಂಶವೇ ಹೀಗೆ ಮಾಡಿದ್ದು ಸಣ್ಣ ಸಂಗತಿಯಲ್ಲ. ಇನ್‌ಸ್ಟಾಲ್ ಆದ ಕೂಡಲೇ ಪ್ರೈವೆಸಿ ಸೆಟ್ಟಿಂಗ್ಸ್‌ಗೆ ಹೋಗಿ, ಮೂರನೆಯವರೊಡನೆ ಮಾಹಿತಿ ಹಂಚಿಕೊಳ್ಳುವ ಗುರುತುಗಳೇನಾದರೂ ಇದ್ದರೆ ತೆಗೆಯಿರಿ. ಅದು ಸೇರಿಸಲು ಹೊರಡುವ ಬ್ರೌಸರ್ ಎಕ್ಸ್‌ಟೆನ್ಷನ್ನನ್ನು ಬೇಡವೆನ್ನಿ.

ಇನ್ನು ಮೋಸದ ಸ್ಕ್ಯಾನುಗಳ ಮಾತು. ಅಮೆರಿಕದ ಆಫೀಸ್ ಡಿಪೋ ಮಳಿಗೆಗಳಲ್ಲಿ ಉಚಿತವಾಗಿ ನಡೆಸುತ್ತಿದ್ದ ಕಂಪ್ಯೂಟರ್ ತಪಾಸಣೆಯಲ್ಲಿ, ಆರಂಭದಲ್ಲಿ ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಗುರುತು ಹಾಕಿದ್ದರೂ ಸಾಕಿತ್ತು, ಕಂಪ್ಯೂಟರಿನಲ್ಲಿ ತೊಂದರೆಯಿದೆ ಎಂಬ ಫಲಿತಾಂಶ ಬರುತ್ತಿತ್ತು. ಆ ಪ್ರಕರಣ 2019ರಲ್ಲಿ ಆಫೀಸ್ ಡಿಪೋ ಮತ್ತು ತಂತ್ರಾಂಶ ಒದಗಿಸಿದ ಕಂಪನಿ ಸೇರಿ 3.5 ಕೋಟಿ ಡಾಲರ್ ಕೊಡುವುದರೊಂದಿಗೆ ಇತ್ಯರ್ಥವಾಯಿತು. ಇದೇ ತಂತ್ರ ಜಾಲತಾಣಗಳ ಪಾಪ್‌ಅಪ್‌ಗಳಲ್ಲಿ ಇಂದಿಗೂ ನಡೆದಿದೆ. ಜಾಲಪುಟವೊಂದು ನಿಮ್ಮ ಹಾರ್ಡ್ ಡಿಸ್ಕನ್ನು ಸ್ಕ್ಯಾನ್ ಮಾಡಲಾರದು. ಮಾಡಿ ವೈರಸ್ ಕಂಡೆ ಎಂದರೆ ಆ ಕಿಟಕಿಯನ್ನು ಮುಚ್ಚಿ, ಅದು ತೋರುವ ಫೋನ್ ನಂಬರಿಗೆ ಕರೆ ಮಾಡಬೇಡಿ.

ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ದರದ ಜೊತೆಗೆ ಎರಡನೆಯ ವರ್ಷದ ದರವನ್ನೂ ಓದಿ, ಆಟೋ ರಿನ್ಯೂವಲ್ ನಿಲ್ಲಿಸಿ. ಜೊತೆಗೆ ಕಟ್ಟಿ ಮಾರುವ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಮರೆಮಾಚುವ ಸೇವೆ), ರಿಜಿಸ್ಟ್ರಿ ಕ್ಲೀನರ್ (ವಿಂಡೋಸಿನ ಒಳ ದಾಖಲೆಗಳನ್ನು ಶುಚಿಗೊಳಿಸುವ ಸಾಧನ) ಮುಂತಾದವು ಸ್ಪೈವೇರ್ ತಡೆಗೆ ಅಗತ್ಯವಿಲ್ಲ.

ರಿಯಲ್ ಟೈಮ್ ರಕ್ಷಣೆಯ ಎರಡು ತಂತ್ರಾಂಶಗಳನ್ನು ಒಟ್ಟಿಗೆ ಇಟ್ಟರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ, ಕಂಪ್ಯೂಟರೂ ನಿಧಾನವಾಗುತ್ತದೆ. ಹೊಸದನ್ನು ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಆದರೆ ಮತ್ತೊಂದು ಕಂಪನಿಯ ಹಳೆಯ ತಂತ್ರಾಂಶವಿದ್ದರೆ ಅದನ್ನು ನೀವೇ ತೆಗೆಯಬೇಕು. ಎರಡನೆಯ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯನ್ನೋ, ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್ ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಸಿಗುವ ಉಚಿತ ಸಾಧನಗಳನ್ನೋ ಬೇಕಾದಾಗ ಮಾತ್ರ ಓಡಿಸಬಹುದು. ಯಾವುದನ್ನೇ ಆಗಲಿ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳನ್ನು ಹುಡುಕಿಕೊಂಡು ಹೋಗಿ, ಫಲಿತಾಂಶಗಳ ಮೇಲ್ತುದಿಯಲ್ಲಿ ಸಿಕ್ಕ ಯಾವುದೋ ಡೌನ್‌ಲೋಡ್ ತಾಣದ ದೊಡ್ಡ ಹಸಿರು ಗುಂಡಿ ಒತ್ತುವ ಕನ್ನಡಿಗರಿಗೂ ಇದೇ ಮಾತು ಅನ್ವಯಿಸುತ್ತದೆ.

ಎಲ್ಲ ಹೊಂದಿಸಿದ ಮೇಲೆ ಕಾವಲು ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ಆ್ಯಂಟಿವೈರಸ್ ಸಂಶೋಧಕರ ಐಕಾರ್ ಸಂಸ್ಥೆಯ ಪರೀಕ್ಷಾ ಕಡತವಿದೆ. 68 ಅಕ್ಷರಗಳ ಒಂದು ಸಾಲಷ್ಟೇ ಅದು, ಯಾವ ಹಾನಿಯನ್ನೂ ಮಾಡದು. ಅದನ್ನು ಐಕಾರ್ ತಾಣದಿಂದ ಇಳಿಸಿಕೊಳ್ಳಲು ಹೋದ ಕೂಡಲೇ ಎಚ್ಚರಿಕೆ ಮೂಡಿ ಕಡತ ಮಾಯವಾಗಬೇಕು. ಹಾಗಾಗದೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸುಮ್ಮನೆ ಕುಳಿತು, ತೆರೆದರೂ ಎಚ್ಚರಿಕೆ ಬಾರದಿದ್ದರೆ ರಿಯಲ್ ಟೈಮ್ ರಕ್ಷಣೆ ಕೆಲಸ ಮಾಡುತ್ತಿಲ್ಲವೆಂದೇ ತಿಳಿಯಿರಿ.

ಮಾಹಿತಿಗಳ್ಳ ತಂತ್ರಾಂಶ ನಿಜವಾಗಿಯೂ ಸಿಕ್ಕಿಬಿದ್ದರೆ ಅದನ್ನು ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೊದಲು ಇಂಟರ್ನೆಟ್ ಕಡಿದು, ವಿಂಡೋಸ್ ಆರಂಭವಾಗುವ ಮುನ್ನವೇ ನಡೆಯುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಇಮೇಲ್, ಬ್ಯಾಂಕ್ ಮೊದಲಾದ ಖಾತೆಗಳ ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿನಲ್ಲಿ ಅಲ್ಲ, ಸೋಂಕಿಲ್ಲದ ಬೇರೆ ಸಾಧನದಲ್ಲಿ ಬದಲಿಸಿ. ಜೊತೆಗೆ, ಕದ್ದ ಕುಕೀಗಳು ನಿಷ್ಪ್ರಯೋಜಕವಾಗುವಂತೆ ಪ್ರತಿಯೊಂದು ಖಾತೆಯಲ್ಲೂ ಎಲ್ಲ ಸಾಧನಗಳಿಂದ ಸೈನ್ ಔಟ್ ಆಗಿ. ಖಾತೆಯಿಂದ ಹಣ ಹೋಗಿದ್ದರೆ ಬ್ಯಾಂಕಿಗೂ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಡಮಾಡದೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಜಾರುವ ಮುನ್ನ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.